ಒಂದೇ ಮಾತು ಕಳಿಸಿದ ಮನೆಗಳು

ಕೊ ಯುನ್-ಜೆ ನಮ್ಮ ಮನೆಯ ಮೇಲಂತಸ್ತಿಗೆ ಬಾಡಿಗೆಗೆ ಬಂದಾಗ ಅವನ ಕೈಯಲ್ಲಿ ಇದ್ದದ್ದು ಒಂದು ಬಟ್ಟೆಯ ಚೀಲ, ಒಂದು ಅನ್ನದ ಕುಕ್ಕರು ಮತ್ತು ಕಂಬಳಿಯಲ್ಲಿ ಸುತ್ತಿದ ಕಂಪ್ಯೂಟರು. ಓಣಿಯವರು ಅವನನ್ನು ಆ-ಜೆ ಎಂದು ಕರೆಯತೊಡಗಿದರು. ಅವನು ನನ್ನನ್ನು ಎಲ್ಲ ಮುದುಕಿಯರನ್ನೂ ಕರೆಯುವ ಹಾಗೆ ಆ-ಮಾ ಎನ್ನುತ್ತಿದ್ದ. ವಯಸ್ಸು ನಲವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಅಪ್ಪ ದಕ್ಷಿಣದ ಕಡಲಂಚಿನಲ್ಲಿ ಸಿಂಪಿ ಸಾಕುತ್ತಿದ್ದನಂತೆ. ಇವನಿಗೆ ಮಾತ್ರ ಸಿಂಪಿ ಕಂಡರೆ ಆಗುತ್ತಿರಲಿಲ್ಲ. ನಾನು ಸಿಂಪಿ ಹಾಕಿದ ಶ್ಯಾವಿಗೆ ಗಂಜಿ ಕೊಟ್ಟರೆ ಗಂಜಿ ಕುಡಿದು ಸಿಂಪಿಯನ್ನು ಬಟ್ಟಲಿನ ಅಂಚಿಗೆ ಸಾಲಾಗಿ ಇಟ್ಟು, "ಚಿಕ್ಕಂದಿನಲ್ಲೇ ಜನ್ಮಕ್ಕಾಗೋಷ್ಟು ತಿಂದಾಯ್ತು ಆ-ಮಾ" ಎನ್ನುತ್ತಿದ್ದ.

ಅವನಿಗೆ ಒಂದು ಅಭ್ಯಾಸವಿತ್ತು. ನಲ್ಲಿ ನಿಲ್ಲಿಸಿದ ಮೇಲೆ ಇನ್ನೊಮ್ಮೆ ಬಂದು ಮುಟ್ಟಿ ನೋಡುವುದು. ಬೀಗ ಹಾಕಿದ ಮೇಲೆ ನಾಲ್ಕು ಮೆಟ್ಟಿಲು ಇಳಿದು ಮತ್ತೆ ಹತ್ತಿ ಜಗ್ಗಿ ನೋಡುವುದು. ಇಂಥವನ ಕೈಯಿಂದ ಆ ತಪ್ಪು ನಡೆಯಿತು ಎಂದರೆ ಅವನನ್ನು ಬಲ್ಲವರು ನಂಬುವುದಿಲ್ಲ. ಆದರೆ ನಡೆದದ್ದು ಹಾಗೆಯೇ.

ನಮ್ಮ ಓಣಿ ಕೀಲುಂಗ್ ಊರಿನ ಬಂದರಿನ ಹಿಂದಿನ ಗುಡ್ಡದಲ್ಲಿದೆ. ಓಣಿ ಎಂದರೆ ಮೆಟ್ಟಿಲು. ಸ್ಕೂಟರುಗಳನ್ನೆಲ್ಲ ಕೆಳಗೆ ನಿಲ್ಲಿಸಿ ಹತ್ತಬೇಕು. ನನ್ನ ಮನೆ ನಡುವಿನಲ್ಲಿದೆ. ಮೇಲಿನ ಹನ್ನೊಂದು ಮನೆಗಳ ಬೆನ್ನಿಗೆ ಗುಡ್ಡ ಜಾರದಂತೆ ಕಟ್ಟಿದ ಹಳೆಯ ಕಲ್ಲುಗೋಡೆ ಇತ್ತು. ನಮ್ಮ ಹಿತ್ತಿಲಿಗೂ ಅದರ ತುದಿ ಬರುತ್ತಿತ್ತು. ಆ ವರ್ಷ ಚಳಿಗಾಲದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು. ಹೊಸ ವರ್ಷ ಹತ್ತಿರ ಬಂದಿತ್ತು, ಎಲ್ಲರೂ ಮನೆ ತೊಳೆಯುವ ಗಡಿಬಿಡಿಯಲ್ಲಿದ್ದರು. ಆಗ ಗೋಡೆ ಬೆವರತೊಡಗಿತು.

ಆ-ಜೆ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದ. ಕಂಪನಿ ತೈಪೆಯಲ್ಲಿ, ಇವನ ಕೆಲಸ ಹೆಚ್ಚಾಗಿ ನಮ್ಮ ಮೇಲಂತಸ್ತಿನಲ್ಲಿ. ಮೀನು ಅರೆದು ಗುಂಡು ಕಟ್ಟುವಾಗ ನಾನು ಕೇಳಿದ್ದೆ, "ದಿನವಿಡೀ ಅದರ ಮುಂದೆ ಕೂತು ಏನ್ ಮಾಡ್ತೀಯೋ?"

"ಕೇಳಿಸ್ಕೊಳ್ಳೋ ಕೆಲಸ ಆ-ಮಾ."

"ಯಾರ್ ಮಾತು?"

"ಊರವರ್ದು."

ಅವನು ಬಿಡಿಸಿ ಹೇಳಿದ. ಜನ ಈಗ ಯಾವ ಕಚೇರಿಗೂ ಫೋನು ಮಾಡುವುದಿಲ್ಲ. ರಸ್ತೆಯಲ್ಲಿ ನೀರು ನಿಂತರೆ, ಮರ ಬಿದ್ದರೆ, ಜಾಲತಾಣದಲ್ಲಿ ನಗರದ ಪುಟವೊಂದಿದೆ, ಅಲ್ಲಿ ಬರೆದುಬಿಡುತ್ತಾರೆ. ಆ ಜಾಲತಾಣದವರು ಹೊರಗಿನ ಯಂತ್ರಗಳಿಗೆಂದು ಒಂದು ಕಿಟಕಿ ತೆರೆದಿಟ್ಟಿದ್ದಾರೆ. ಅದಕ್ಕೆ ಎಪಿಐ ಎನ್ನುತ್ತಾರಂತೆ. ಆ-ಜೆಯ ಯಂತ್ರ ಆಗಾಗ ಆ ಕಿಟಕಿಗೆ ಹೋಗಿ, 'ಹೊಸದೇನಾದರೂ ಬಂತೇ' ಎಂದು ಕೇಳಿ, ಬಂದ ಮಾತುಗಳನ್ನು ತಂದು, ಊರಿನ ನಕಾಶೆಯ ಮೇಲೆ ಕೆಂಪು ಚುಕ್ಕೆ ಇಡುತ್ತದೆ. ನಗರದ ಕಚೇರಿಯಲ್ಲಿ ಕೂತವರು ಚುಕ್ಕೆ ನೋಡಿ ಆಳುಗಳನ್ನು ಕಳಿಸುತ್ತಾರೆ.

ಆ ಚಳಿಗಾಲದಲ್ಲಿ ಚುಕ್ಕೆಗಳು ಕೆಟ್ಟವು. ಬಂದ ಮಾತೇ ಮತ್ತೆ ಮತ್ತೆ ಬರತೊಡಗಿತು. ಯಾರೋ ಒಬ್ಬರ ಬಾಗಿಲಲ್ಲಿ ಮರ ಬಿದ್ದರೆ ನಕಾಶೆಯಲ್ಲಿ ಮೂರು ಮರ. ಒಂದು ಲಾರಿ ಹೋಗಿ ಮರ ಎತ್ತಿದ ಮೇಲೆ ಇನ್ನೆರಡು ಲಾರಿ ಹೋಗಿ ಬರಿಗೈಯಲ್ಲಿ ಬಂದವು. ಕಚೇರಿಯವರು ಕಂಪನಿಯ ಮ್ಯಾನೇಜರ್ ತಾಂಗನನ್ನು ಬಾಯಿಗೆ ಬಂದಂತೆ ಬೈದರು. ತಾಂಗ್ ಆ-ಜೆಗೆ ಫೋನು ಮಾಡಿದ. ಅವನ ದನಿ ಎಷ್ಟು ದೊಡ್ಡದೆಂದರೆ ಮೇಲಿನ ಮಾತು ನನ್ನ ಒಲೆಯ ಬುಡಕ್ಕೂ ಕೇಳುತ್ತಿತ್ತು.

"ಕೊ ಯುನ್-ಜೆ! ನಾವು ಚುಕ್ಕೆ ಮಾರ್ತೀವೋ, ದಡಾರ ಮಾರ್ತೀವೋ? ನಕಾಶೆ ಮುಖದ ತುಂಬ ದಡಾರ ಎದ್ದಿದೆ!"

ಆ-ಜೆ ಕೂತು ಹುಡುಕಿದ. ತಾಳ್ಮೆಯವನು. ಮೊದಲನೆಯ ಕಾರಣ ಸಿಕ್ಕಿದ ದಿನ ಕೆಳಗೆ ಬಂದು ನನ್ನ ಮೀನಿನ ಬುಟ್ಟಿಯನ್ನೇ ತೋರಿಸಿ ಹೇಳಿದ. "ಆ-ಮಾ, ನೀವು ಮೇಲಿಂದ ಹತ್ತು ಮೀನು ಎಣಿಸಿ, ನಾಳೆ ಹನ್ನೊಂದನೇದ್ರಿಂದ ಎಣಿಸ್ತೀನಿ ಅಂತ ಆ ಕಡೆ ತಿರುಗ್ತೀರಿ. ಅಷ್ಟ್ರಲ್ಲಿ ಯಾರೋ ಮೇಲೆ ಇನ್ನೆರಡು ಮೀನು ಇಟ್ರು. ಆಗ?"

"ಆಗ ಹನ್ನೊಂದನೇದು ಅಂತ ಹಿಡಿದ್ರೆ ನಿನ್ನೆ ಎಣಿಸಿದ್ದೇ ಕೈಗೆ ಬರತ್ತೆ."

"ಅಷ್ಟೇ. ಕಿಟಕಿಯವ್ರು ಮಾತನ್ನ ಪುಟ ಪುಟವಾಗಿ ಕೊಡ್ತಾರೆ. ನಾನು ಪುಟ ಮಗುಚೋದ್ರೊಳಗೆ ಮೇಲೆ ಹೊಸದು ಬಂದು ಕೂತಿರತ್ತೆ, ಹಳೇದು ಕೆಳಗೆ ಜಾರಿರತ್ತೆ."

ಎರಡನೆಯ ಕಾರಣ ಇನ್ನೊಂದು. ಕಿಟಕಿಯಿಂದ ಉತ್ತರ ತಡವಾದರೆ ಯಂತ್ರ ಮತ್ತೆ ಕೇಳುತ್ತಿತ್ತು. ಆಮೇಲೆ ಎರಡೂ ಉತ್ತರ ಒಟ್ಟಿಗೆ ಬರುತ್ತಿದ್ದವು. ಎರಡಕ್ಕೂ ಅವನು ಒಂದೇ ಮದ್ದು ಕಂಡುಕೊಂಡ. ಪ್ರತಿಯೊಂದು ಬರಹಕ್ಕೂ ಜಾಲತಾಣದವರು ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಆ ಸಂಖ್ಯೆ ಒಮ್ಮೆ ಬಂದಿದ್ದರೆ ಎರಡನೆಯ ಸಲ ಬಂದದ್ದನ್ನು ಬದಿಗೆ ಹಾಕು. ದಡಾರ ಅರ್ಧಕ್ಕರ್ಧ ಇಳಿಯಿತು. ಅದು ಸರಿಯಾದ ಮದ್ದೇ ಆಗಿತ್ತು ಎಂದು ಆಮೇಲೆ ವಿಚಾರಿಸಲು ಬಂದವರೂ ಒಪ್ಪಿದರು.

ಉಳಿದರ್ಧ ಇಳಿಯಲಿಲ್ಲ. ಅವುಗಳ ಸಂಖ್ಯೆ ಬೇರೆ ಬೇರೆ, ಮಾತು ಮಾತ್ರ ಅಕ್ಷರಕ್ಕಕ್ಷರ ಒಂದೇ. ಬರೆದವರ ಹೆಸರನ್ನು ಆ ಕಿಟಕಿ ಕೊಡುವುದಿಲ್ಲ, ಹಾಗೆ ಕೊಡಬಾರದೆಂದು ಅವರ ನಿಯಮ. ಹಾಗಾಗಿ ಆ-ಜೆಯ ಕಣ್ಣಿಗೆ ಬೀಳುತ್ತಿದ್ದದ್ದು ಮಾತು, ವಾರ್ಡು, ಗಳಿಗೆ, ಇಷ್ಟೇ.

"ಇನ್ನೊಂದ್ ವಾರ ಕೊಡಿ ಸರ್, ಇವು ಎಲ್ಲಿಂದ ಬರ್ತಿವೆ ಅಂತ ನೋಡ್ತೀನಿ" ಎಂದು ಅವನು ತಾಂಗನನ್ನು ಕೇಳಿಕೊಂಡ. ನಾನು ಮೆಟ್ಟಿಲು ಒರೆಸುತ್ತಿದ್ದೆ, ಬಾಗಿಲು ತೆರೆದಿತ್ತು.

"ಬುಧವಾರ ಬೇರೆ ಮೂರು ಊರಿನ ಅಧಿಕಾರಿಗಳು ನಮ್ಮ ನಕಾಶೆ ನೋಡೋಕ್ ಬರ್ತಿದಾರೆ. ದಡಾರ ತೋರಿಸ್ಲಾ ಅವ್ರಿಗೆ? ಒಂದೇ ಮಾತಿದ್ರೆ ಒಂದೇ ಇಟ್ಕೊ, ಮಿಕ್ಕಿದ್ದು ತೆಗಿ."

"ಬೇರೆ ಬೇರೆ ಜನ ಬರೆದಿದ್ರೆ?"

ತಾಂಗ್ ನಕ್ಕ. "ಇಬ್ಬರು ಮನುಷ್ಯರು ಚುಕ್ಕೆ, ಗೆರೆ, ಕ್ಷಮಾಪಣೆ ಸಮೇತ ಒಂದೇ ಥರ ಬರೀತಾರೇನೋ? ನನ್ನ ಹೆಂಡ್ತಿ, ನಾನು ಇಪ್ಪತ್ತು ವರ್ಷದಿಂದ ಒಂದೇ ಮನೇಲಿದೀವಿ, ಒಂದ್ ದಿನ ಒಂದೇ ಮಾತಾಡಿಲ್ಲ. ಆ ಜಾಲತಾಣದ ಯಂತ್ರಾನೇ ತೊದಲ್ತಿದೆ. ತೆಗಿ."

ಆ-ಜೆ ತೆಗೆದ. ಒಂದೇ ವಾರ್ಡಿನಿಂದ ಒಂದೇ ಮಾತು ಬಂದರೆ ಮೊದಲನೆಯದಕ್ಕೆ ಮಾತ್ರ ಚುಕ್ಕೆ. ಉಳಿದವನ್ನು ಅಳಿಸದೆ ಒಂದು ಮೂಲೆಯಲ್ಲಿ ರಾಶಿ ಹಾಕಿಟ್ಟ. ಅದು ಅವನ ಸ್ವಭಾವ, ನಲ್ಲಿ ಮುಟ್ಟಿ ನೋಡುವ ಸ್ವಭಾವ. ಆದರೆ ಆ ರಾಶಿಯನ್ನು ತೆರೆದು ನೋಡಲು ಅವನಿಗೆ ಪುರಸತ್ತು ಸಿಗಲಿಲ್ಲ. ಬೇರೆ ಊರುಗಳಿಗೂ ಅದೇ ಯಂತ್ರ ಹೂಡುವ ತಯಾರಿಗೆ ಅವನನ್ನು ಹಚ್ಚಿದರು. ನಕಾಶೆ ತೊಳೆದ ಹಾಗೆ ಚೊಕ್ಕವಾಗಿತ್ತು. ಕಚೇರಿಯವರು ಅನಾನಸಿನ ಮಿಠಾಯಿ ಡಬ್ಬಿ ಕಳಿಸಿದರು. ಆ-ಜೆ ಅದನ್ನು ನನಗೆ ಕೊಟ್ಟ.

ಈಗ ನಮ್ಮ ಗೋಡೆಯ ಮಾತು.

ನಮ್ಮ ವಾರ್ಡಿನ ಮುಖಂಡೆ ಯಾನ್ ಬೀ-ಹ್ವಾ. ಗುಂಗುರು ಕಟ್ಟಿಸಿದ ಕೂದಲು, ಮೈಮೇಲೆ ಸದಾ ಹೆಸರು ಬರೆದ ಹಳದಿ ಅಂಗಿ, ಬಾಯಿ ಧ್ವನಿವರ್ಧಕ. ಚುನಾವಣೆಗೆ ನಿಲ್ಲುವವಳೂ ಅವಳೇ, ಕಸದ ಗಾಡಿ ಬಂದಾಗ ಜನರನ್ನು ಎಬ್ಬಿಸುವವಳೂ ಅವಳೇ. ನಮ್ಮಲ್ಲಿ ಮುದುಕ ಮುದುಕಿಯರೇ ಹೆಚ್ಚು. ಓದು ಅಷ್ಟಕ್ಕಷ್ಟೆ. ಬೆಳಗಿನ ಶುಭೋದಯಕ್ಕೆ ತಾವರೆಯ ಚಿತ್ರ ಬಂದರೆ ಅದನ್ನೇ ಮುಂದಕ್ಕೆ ದಾಟಿಸುವುದು ನಮಗೆ ಗೊತ್ತು, ಹೊಸದಾಗಿ ಬರೆಯುವುದು ಗೊತ್ತಿಲ್ಲ. ಅದಕ್ಕೆ ಬೀ-ಹ್ವಾ ಯಾವುದೇ ದೂರು ಇದ್ದರೂ ತಾನೇ ಚೆಂದವಾಗಿ ಬರೆದು ಓಣಿಯವರ ಫೋನಿನ ಗುಂಪಿಗೆ ಹಾಕುತ್ತಾಳೆ. ನಾವು ಅದನ್ನು ಒತ್ತಿ ಹಿಡಿದು, ನಕಲು ಮಾಡಿ, ನಗರದ ಪುಟದಲ್ಲಿ ಹಾಕುತ್ತೇವೆ. ಒಬ್ಬರೂ ಒಂದಕ್ಷರ ಬದಲಿಸುವುದಿಲ್ಲ. ಬದಲಿಸಲು ಬರುವವರೂ ಬದಲಿಸುವುದಿಲ್ಲ. ಮುಖಂಡೆ ಬರೆದದ್ದನ್ನು ತಿದ್ದಿದರೆ 'ನಿನಗಿಂತ ನಾನು ಬಲ್ಲೆ' ಎಂದು ಹೇಳಿದ ಹಾಗೆ ಆಗುತ್ತದೆ.

ಗೋಡೆ ಬೆವರಿದಾಗ ಅವಳು ಬರೆದದ್ದು ಹೀಗಿತ್ತು: 'ನಮಸ್ಕಾರ. ನಮ್ಮ ಮನೆಯ ಹಿಂದಿನ ಗೋಡೆಯಿಂದ ನೀರು ಬರುತ್ತಿದೆ. ದಯವಿಟ್ಟು ಬಂದು ನೋಡಿರಿ. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿರಿ.' ಕೆಳಗೆ ನಮ್ಮ ವಾರ್ಡಿನ ಹೆಸರು.

ಮೊದಲು ಕಳಿಸಿದವಳು ಓಣಿಯ ಕೆಳತುದಿಯಲ್ಲಿ ಇರುವ ಹೊಲಿಗೆಯವಳು. ಅವಳ ಹಿತ್ತಿಲಿನ ಗೋಡೆ ಬೇರೆಯದೇ, ಮೊಣಕಾಲೆತ್ತರದ್ದು. ಕಚೇರಿಯಿಂದ ಒಬ್ಬ ಬಂದ, ಮೊದಲು ಸಿಕ್ಕಿದ ಅವಳ ಮನೆಯಲ್ಲೇ ವಿಚಾರಿಸಿ ಚರಂಡಿಯಲ್ಲಿ ತುಂಬಿದ್ದ ಎಲೆ ಬಾಚಿದ, ನೀರು ಬರುವುದು ನಿಂತಿತು, ಹೋದ. ಆ ಚುಕ್ಕೆ ಕೆಂಪಿನಿಂದ ಹಸಿರಾಯಿತು. ಆಮೇಲೆ ಮೇಲಿನ ಹನ್ನೊಂದು ಮನೆಯವರೂ, ನಾನೂ ಅದೇ ಮಾತು ಕಳಿಸಿದೆವು. ಯಾರೂ ಬರಲಿಲ್ಲ. ಆದರೆ ಕಳಿಸಿದ ಪ್ರತಿಯೊಬ್ಬರಿಗೂ ಪುಟದಿಂದ ಉತ್ತರ ಮಾತ್ರ ಬರುತ್ತಿತ್ತು: 'ನಿಮ್ಮ ಮಾತು ನಮಗೆ ತಲುಪಿದೆ.'

"ತಲುಪಿದೆಯಂತೆ, ಬರ್ತಾರೆ ಬಿಡಿ" ಎಂದಳು ಬೀ-ಹ್ವಾ.

ಜಿನುಗುತ್ತಿದ್ದ ನೀರು ಹರಿಯತೊಡಗಿತು. ತಿಳಿಯಾಗಿದ್ದದ್ದು ಹಳದಿಯಾಯಿತು. ಎಲ್ಲಕ್ಕಿಂತ ಮೇಲಿನ ಮನೆ ಫಾಂಗ್ ದಂಪತಿಯದು. ಫಾಂಗ್ ತಾತ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವರು, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಹೆಂಡತಿಯನ್ನು ನಾವೆಲ್ಲ ಫಾಂಗ್ ಅಕ್ಕ ಎನ್ನುತ್ತೇವೆ. ಒಂದು ಬೆಳಿಗ್ಗೆ ಅವಳು ನನ್ನನ್ನು ಕರೆದೊಯ್ದು ಗೋಡೆಯ ಬಿರುಕಿಗೆ ಊಟದ ಕಡ್ಡಿ ತೂರಿಸಿ ತೋರಿಸಿದಳು. ಕಡ್ಡಿ ಪೂರ್ತಿ ಒಳಗೆ ಹೋಯಿತು.

"ಮೊನ್ನೆ ಅರ್ಧ ಹೋಗ್ತಿತ್ತು ಚುನ್ ಅಕ್ಕ" ಎಂದಳು. "ಬಚ್ಚಲ ಬಾಗ್ಲು ಹಾಕಕ್ಕಾಗ್ತಿಲ್ಲ, ಚೌಕಟ್ಟು ಹಿಡ್ಕೊಂಡುಬಿಟ್ಟಿದೆ. ಕಳಿಸಿ ಕಳಿಸಿ ಬೆರಳು ಸವೀತು. ಸರ್ಕಾರಕ್ಕೆ ನಾವು ಬೇಡವಾದ್ವೇನೇ?"

"ನಿಮ್ಮೋರನ್ನ ಮಗಳ ಮನೆಗೆ ಕಳಿಸ್ಬಾರ್ದಾ?"

"ಅಳಿಯ ಹೊಸ ವರ್ಷಕ್ಕೆ ಮುಂಚೆ ರೋಗಿನ ಮನೆ ಒಳಗೆ ತರ್ಬೇಡಿ ಅಂದ. ಕಚೇರಿಯವ್ರು ಬಂದು 'ಹೊರಡಿ' ಅಂತ ಚೀಟಿ ಕೊಟ್ರೆ ಅವನ ಬಾಯಿ ಮುಚ್ಚತ್ತೆ. ಅದಕ್ಕೇ ಕಾಯ್ತಿದೀನಿ."

ಒಳಗಿನಿಂದ ಫಾಂಗ್ ತಾತ ಏನೋ ಗೊಣಗಿದರು. ಅವರ ಮಾತು ಅವಳಿಗೊಬ್ಬಳಿಗೇ ತಿಳಿಯುತ್ತಿತ್ತು. "ಕಲ್ಲು ರಾತ್ರಿಯೆಲ್ಲ ಹಲ್ಲು ಕಡೀತಿತ್ತು ಅಂತಾರೆ" ಎಂದಳು.

ಅಂದು ಭಾನುವಾರ. ನಾನು ಮನೆಗೆ ಬಂದು ಮತ್ತೆ ಅದೇ ಮಾತನ್ನು ಒತ್ತಿದೆ. ಮತ್ತೆ 'ತಲುಪಿದೆ' ಎಂದು ಬಂತು. ಆ-ಜೆ ಕೆಳಗೆ ಬಂದು ಬಿಸಿನೀರು ಹಿಡಿಯುತ್ತಿದ್ದ.

"ಲೋ ಆ-ಜೆ, ನನ್ ಫೋನ್ ಕೆಟ್ಟಿದೆಯಾ ನೋಡೋ. ಎಷ್ಟೊತ್ತಿದ್ರೂ ಯಾರೂ ಬರಲ್ಲ."

ಅವನು ಫೋನು ತೆಗೆದುಕೊಂಡು ಓದಿದ. ಇನ್ನೊಮ್ಮೆ ಓದಿದ.

"ಆ-ಮಾ, ಇದು ನೀವು ಬರೆದದ್ದಾ?"

"ನಾನೆಲ್ಲಿ ಬರೀಲಿ? ಬೀ-ಹ್ವಾ ಬರೆದುಕೊಟ್ಟದ್ದು. ಎಲ್ಲಾರೂ ಅದನ್ನೇ ಒತ್ತೋದು."

"ಎಲ್ಲಾರೂ ಅಂದ್ರೆ?"

"ಮೇಲಿನ ಮನೆಯೋರೆಲ್ಲ. ಗೋಡೆ ಇರೋರೆಲ್ಲ."

"ಇದೇ ಮಾತು? ಹೀಗೇ? ಒಂದಕ್ಷರ ಬದಲಾಯಿಸ್ದೆ?"

"ಬದಲಾಯಿಸಿದ್ರೆ ಬೀ-ಹ್ವಾ ಬಿಡ್ತಾಳಾ?"

ಲೋಟ ತುಂಬಿ ನೀರು ಚೆಲ್ಲುತ್ತಿತ್ತು. ನಲ್ಲಿಯನ್ನು ನಿಲ್ಲಿಸದೆಯೇ ಅವನು ಮೇಲಕ್ಕೆ ಓಡಿದ. ಅಷ್ಟು ದಿನದಲ್ಲಿ ಅದೇ ಮೊದಲು ಅವನು ಹಾಗೆ ಮಾಡಿದ್ದು. ನಾನು ನಲ್ಲಿ ನಿಲ್ಲಿಸಿ ಹಿಂದೆಯೇ ಹೋದೆ. ಅವನು ಆ ಮೂಲೆಯ ರಾಶಿಯನ್ನು ತೆರೆದಿದ್ದ. ಪರದೆಯ ತುಂಬ ಒಂದೇ ಸಾಲು, ಒಂದರ ಕೆಳಗೊಂದು. ನಮಸ್ಕಾರ, ನಮ್ಮ ಮನೆಯ ಹಿಂದಿನ ಗೋಡೆಯಿಂದ. ನಮಸ್ಕಾರ, ನಮ್ಮ ಮನೆಯ ಹಿಂದಿನ ಗೋಡೆಯಿಂದ. ಅವನು ಬೆರಳಿನಿಂದ ಕೆಳಕ್ಕೆ ಎಳೆದಂತೆಲ್ಲ ಅದು ಮುಗಿಯುತ್ತಲೇ ಇರಲಿಲ್ಲ. ನಾನು ನಿಧಾನವಾಗಿ ಓದುವವಳು. ಆದರೆ ಅದನ್ನು ಓದಲು ಒಂದೇ ಸಲ ಸಾಕಾಯಿತು.

"ಯಂತ್ರ ತೊದಲ್ತಿರ್ಲಿಲ್ಲ ಆ-ಮಾ" ಎಂದ. "ಜನ ಕೂಗ್ತಿದ್ರು. ನಾನು ಬಾಯಿ ಮುಚ್ಚಿಸ್ದೆ."

ಕಚೇರಿಗೆ ಫೋನು ಮಾಡಿದ. ಒಬ್ಬ ಹೆಂಗಸು ಎತ್ತಿದಳು.

"ಆ ವಾರ್ಡಿನ ಗೋಡೆ ದೂರಾ? ಅದು ನೋಡಿ ಆಗಿದೆ. ಚರಂಡಿ ಎಲೆ ತೆಗೆದಿದೀವಿ. ಹಸಿರು ತೋರಿಸ್ತಿದೆ."

"ಅದು ಬೇರೆ ಗೋಡೆ. ಇನ್ನೂ ಹನ್ನೆರಡು ಮನೆಯವ್ರು ಕಳಿಸಿದಾರೆ. ನಕಾಶೆಗೆ ಈಗ ಹಾಕ್ತೀನಿ, ದಯವಿಟ್ಟು ನೋಡಿ."

ಅವನು ತಾನು ಹಾಕಿದ್ದ ನಿಯಮವನ್ನು ತೆಗೆದುಹಾಕಿದ. ನಮ್ಮ ಗುಡ್ಡದ ಮೇಲೆ ಒಮ್ಮೆಗೇ ಕೆಂಪು ಚುಕ್ಕೆಗಳು ಎದ್ದವು. ನೆತ್ತರು ಚಿಮ್ಮಿದ ಹಾಗಿತ್ತು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದ.

"ಕಾಣಿಸ್ತಾ?"

"ಕಾಣಿಸ್ತಪ್ಪಾ ಕಾಣಿಸ್ತು" ಎಂದಳು ಆಕೆ. "ನಿಮ್ ಯಂತ್ರಕ್ಕೆ ಮತ್ತೆ ಹಳೇ ಕಾಯಿಲೆ ಬಂದಿದೆ. ಒಂದೇ ಮಾತು ಇಷ್ಟೊಂದ್ ಸಲ. ನಿಮ್ ಮ್ಯಾನೇಜರಿಗೆ ಹೇಳ್ತೀನಿ ಇರಿ."

"ಇದು ಕಾಯಿಲೆ ಅಲ್ಲ ಮೇಡಂ! ನಾನು ಅದೇ ಓಣೀಲಿ ಕೂತು ಮಾತಾಡ್ತಿದೀನಿ!"

"ಹಾಗಂತ ಹೋದ ತಿಂಗಳೂ ಮರದ ಹತ್ರ ಲಾರಿ ಕಳ್ಸಿದ್ವಿ. ಭಾನುವಾರ ಇರೋದೇ ಒಂದು ಗಾಡಿ."

ಸ್ವಲ್ಪ ಹೊತ್ತಿಗೆ ತಾಂಗನ ಫೋನು ಬಂತು. ನಾನು ತಿಳಿಸಿದ ಫಾಂಗ್ ಅಕ್ಕನ ಊಟದ ಕಡ್ಡಿಯ ಮಾತನ್ನೂ ಸೇರಿಸಿ ಆ-ಜೆ ಹೇಳಿದ್ದನ್ನು ಅವನು ಕೇಳಿದ, ಪೂರ್ತಿ ಕೇಳಿದ. ಆಮೇಲೆ ದನಿ ಇಳಿಸಿ ಮಾತಾಡಿದ. ಅವನು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಯುನ್-ಜೆ, ಮೊನ್ನೆ ಆ ಮೂರು ಊರಿನವರು ರುಜು ಹಾಕಿದಾರೆ. ಇವತ್ತು ನಕಾಶೆ ಕೆಟ್ಟಿದೆ ಅಂತ ಸುದ್ದಿ ಹೋದ್ರೆ ಕಂಪನಿ ಮುಚ್ಚತ್ತೆ. ನಿಯಮ ವಾಪಸ್ ಹಾಕು. ನಾಳೆ ಕೂತು ನೋಡೋಣ."

"ನಾಳೆ ತನಕ ಗೋಡೆ ನಿಲ್ಲತ್ತೆ ಅಂತ ಯಾರು ಹೇಳಿದ್ರು ಸರ್?"

"ಬೀಳತ್ತೆ ಅಂತ ಯಾರು ಹೇಳಿದ್ರು? ಒಂದು ಊಟದ ಕಡ್ಡಿ."

ಆ-ಜೆ ಫೋನು ಇಟ್ಟ. ನಾವು ನೋಡುತ್ತಿದ್ದಂತೆಯೇ ಗುಡ್ಡದ ಮೇಲಿನ ಚುಕ್ಕೆಗಳು ಒಂದೊಂದಾಗಿ ಆರಿಹೋದವು. ತಾಂಗ್ ತನ್ನ ಮನೆಯಿಂದಲೇ ನಿಯಮವನ್ನು ಮರಳಿ ಹಾಕಿ, ಆ-ಜೆಯ ಕೈಗೆ ಯಂತ್ರ ಸಿಗದ ಹಾಗೆ ಬೀಗ ಜಡಿದಿದ್ದ. ಕೊನೆಗೆ ಹೊಲಿಗೆಯವಳ ಹಸಿರು ಚುಕ್ಕೆಯೊಂದೇ ಉಳಿಯಿತು. ಹೊರಗೆ ಮಳೆ ಸುರಿಯುತ್ತಲೇ ಇತ್ತು.

ಅವನು ಬಹಳ ಹೊತ್ತು ಕೂರಲಿಲ್ಲ. ಛತ್ರಿಯನ್ನೂ ಹಿಡಿಯದೆ ಬೀ-ಹ್ವಾಳ ಮನೆಗೆ ಹೋದ. ನಾನೂ ಹೋದೆ. ಬೀ-ಹ್ವಾ ಬಾಗಿಲಿಗೆ ಕೆಂಪು ಕಾಗದ ಅಂಟಿಸುತ್ತಿದ್ದಳು.

"ಮುಖಂಡರೇ, ನೀವು ಬರೆದುಕೊಟ್ಟ ಮಾತನ್ನ ಇನ್ಮೇಲೆ ಯಾರೂ ಕಳಿಸಬಾರ್ದು."

"ಯಾಕೆ? ತಪ್ಪಿದೆಯಾ ಅದರಲ್ಲಿ? ಮಗನ ಹತ್ರ ಓದಿಸಿಯೇ ಹಾಕಿದ್ದು ನಾನು."

"ತಪ್ಪಿಲ್ಲ. ಚೆನ್ನಾಗಿದೆ. ಆದ್ರೆ ಎಲ್ಲರದ್ದೂ ಒಂದೇ ಆಗಿರೋದ್ರಿಂದ ಯಂತ್ರ ಒಬ್ಬರೇ ಅಂದ್ಕೊಳತ್ತೆ. ಪ್ರತಿ ಮನೆಯವ್ರೂ ತಮ್ತಮ್ಮ ಮಾತಲ್ಲಿ ಹೇಳ್ಬೇಕು. ಈಗ್ಲೇ."

"ಬರೆಯಕ್ಕೆ ಬಂದಿದ್ರೆ ನಾನ್ಯಾಕೆ ಬರೆದುಕೊಡ್ತಿದ್ದೆ ಮಹಾರಾಯ?"

"ಬರೆಯೋದ್ ಬೇಡ. ಫೋನಿಗೆ ಮಾತಾಡಿದ್ರೆ ಅದೇ ಬರ್ಕೊಳತ್ತೆ. ನೀವು ಕೂಗಿ ಎಲ್ಲರನ್ನೂ ಹೊರಗೆ ಕರೀರಿ, ನಿಮ್ಮ ಮಾತು ಮಾತ್ರ ಕೇಳ್ತಾರೆ."

ಬೀ-ಹ್ವಾಳ ಮುಖ ಕೆಂಪಾಗಿತ್ತು. ಆದರೂ ಮೆಟ್ಟಿಲ ಮೇಲೆ ನಿಂತು ಕೂಗಿದಳು. ಜನ ಛತ್ರಿ ಹಿಡಿದು, ಚಪ್ಪಲಿ ಎಳೆದುಕೊಂಡು ಬಂದರು. ಆ-ಜೆ ಒಬ್ಬೊಬ್ಬರ ಫೋನು ಹಿಡಿದುಕೊಟ್ಟ. ಆ ಹೊತ್ತಿನಲ್ಲೂ ನಗು ಬರುವಂತಿತ್ತು.

"ಏನಂತ ಹೇಳ್ಲಿ?" ಎಂದ ನಿವೃತ್ತ ಬಸ್ಸು ಚಾಲಕ.

"ನಿಮ್ಮ ಹಿತ್ತಿಲಲ್ಲಿ ಏನು ಕಾಣತ್ತೋ ಅದು."

ಅವನು ಗಂಟಲು ಸರಿಮಾಡಿಕೊಂಡು, "ನಮಸ್ಕಾರ. ನಮ್ಮ ಮನೆಯ ಹಿಂದಿನ ಗೋಡೆಯಿಂದ..." ಎಂದು ಶುರು ಮಾಡಿದ.

"ಅಯ್ಯೋ, ಅದಲ್ಲ! ಅದೊಂದ್ ಬಿಟ್ಟು ಏನಾದ್ರೂ ಹೇಳಿ!"

"ಹೆಂಡ್ತಿ ಹತ್ರ ಬೈಸ್ಕೋತಾ ನಲವತ್ತು ವರ್ಷ ಬಾಯಿ ಮುಚ್ಚಿದೋನು, ಈಗ ಮಾತಾಡು ಅಂದ್ರೆ ಎಲ್ಲಿಂದ ಬರತ್ತೆ?" ಎಂದು ಪಕ್ಕದ ಮನೆಯವಳು ಚುಚ್ಚಿದಳು. ಅವನಿಗೆ ರೋಷ ಬಂತು. "ನನ್ ಕೋಳಿ ಗೂಡಿನ ಮೇಲೆ ಕಲ್ಲು ಬಿದ್ದಿದೆ! ಎರಡು ಕೋಳಿ ಸತ್ತಿವೆ! ಬಂದು ನೋಡ್ರಯ್ಯಾ!" ಎಂದು ಫೋನಿಗೆ ಅರಚಿದ.

"ಹಾ, ಹಾಗೆ" ಎಂದ ಆ-ಜೆ.

ನಾನು ಹೇಳಿದ್ದು ಇಷ್ಟು: 'ನನ್ನ ಹಿತ್ತಿಲಲ್ಲಿ ಬರುವ ನೀರು ನಿನ್ನೆ ಚಹಾ ಬಣ್ಣ, ಇವತ್ತು ಮಣ್ಣಿನ ಗಂಜಿ.' ಫಾಂಗ್ ಅಕ್ಕ ಹೇಳಿದಳು: 'ನನ್ನ ಗಂಡ ಏಳಲಾರರು. ಬಾಗಿಲು ಹಿಡಿದುಕೊಂಡಿದೆ. ನಮ್ಮನ್ನು ಬಿಟ್ಟು ಬೇರೆ ಯಾರನ್ನೋ ನೋಡಿಕೊಂಡು ಹೋದಿರಿ.' ಅವಳ ಮಾತಿನ ಕೊನೆಯಲ್ಲಿ ಕ್ಷಮಾಪಣೆ ಇರಲಿಲ್ಲ.

ಕಚೇರಿಯ ನಕಾಶೆಯಲ್ಲಿ ಈ ಸಲ ಒಂದು ಚುಕ್ಕೆಯೂ ಆರಲಿಲ್ಲ. ಒಂದೊಂದು ಮಾತೂ ಬೇರೆ, ತೆಗೆಯಲು ನಿಯಮಕ್ಕೆ ದಾರಿಯಿರಲಿಲ್ಲ. ಮಧ್ಯಾಹ್ನ ದಾಟುವಷ್ಟರಲ್ಲಿ ಗಾಡಿ ಬಂತು. ಅದರಿಂದ ಇಳಿದ ಎಂಜಿನಿಯರ್ ಮೇಲೆ ಹತ್ತಿ ಗೋಡೆಯ ಮೇಲೆ ಅಂಗೈ ಇಟ್ಟ. ತಕ್ಷಣ ಕೈ ತೆಗೆದ. ಏನನ್ನೂ ಅಳೆಯಲಿಲ್ಲ.

"ಎಲ್ಲರೂ ಇಳೀರಿ" ಎಂದ. "ಏನೂ ತಗೋಬೇಡಿ. ಇಳೀರಿ."

ಬೀ-ಹ್ವಾ ತನ್ನ ಗಂಟಲು ಹರಿಯುವ ಹಾಗೆ ಕೂಗಿ ಎಲ್ಲರನ್ನೂ ಕೆಳಗಿನ ದೇವಸ್ಥಾನದ ಹಜಾರಕ್ಕೆ ಅಟ್ಟಿದಳು. ಆ-ಜೆ ಫಾಂಗ್ ತಾತನನ್ನು ಬೆನ್ನಿಗೆ ಹೊತ್ತುಕೊಂಡ. ತಾತ ಬಾಗಿಲ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದು ಬಿಡಲೊಲ್ಲರು. ಫಾಂಗ್ ಅಕ್ಕ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಳೆಯಲ್ಲಿ ನೆನೆದ ಮೆಟ್ಟಿಲು, ಆ-ಜೆ ತೆಳ್ಳಗಿನವನು. ನಾನು ಹಿಂದಿನಿಂದ ತಾತನ ಸೊಂಟ ಹಿಡಿದಿದ್ದೆ. ನನ್ನ ಮನೆಯ ಮುಂದೆ ಬಂದಾಗ ಮೇಲಿನಿಂದ ಒಂದು ಸದ್ದು ಕೇಳಿತು. ಸಿಡಿಲಿನ ಹಾಗಿರಲಿಲ್ಲ. ತುಂಬಿದ ಅಕ್ಕಿಮೂಟೆಯನ್ನು ಯಾರೋ ಸೀಳಿದ ಹಾಗಿತ್ತು. ಆಮೇಲೆ ಹಸಿ ಮಣ್ಣಿನ ವಾಸನೆ.

"ತಿರುಗಬೇಡಿ ಆ-ಮಾ, ಇಳೀರಿ" ಎಂದ ಆ-ಜೆ.

ಮೇಲಿನ ನಾಲ್ಕು ಮನೆಗಳು ಹೋದವು. ಫಾಂಗರ ಮನೆಯಿದ್ದ ಜಾಗದಲ್ಲಿ ಮಣ್ಣು ಮತ್ತು ಒಂದು ಬಚ್ಚಲ ಬಾಗಿಲು. ಒಳಗೆ ಯಾರೂ ಇರಲಿಲ್ಲ. ಎಲ್ಲರೂ ಬದುಕಿದರು ಎಂದು ಟಿವಿಯವರು ಹೇಳಿದರು, ನಗರದ ಕಚೇರಿಯ ಚುರುಕನ್ನು ಹೊಗಳಿದರು. ಫಾಂಗ್ ತಾತನಿಗೆ ಆ ಮಳೆಯಲ್ಲಿ ನೆನೆದದ್ದು ಎದೆಗಿಳಿಯಿತು. ಹೊಸ ವರ್ಷದ ದೀಪಗಳನ್ನು ಇಳಿಸುವ ಮೊದಲೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಕಾಗದದಲ್ಲಿ ಶ್ವಾಸಕೋಶ ಎಂದು ಬರೆದಿದೆ. ಗೋಡೆಯ ಲೆಕ್ಕಕ್ಕೆ ಅವರು ಸೇರಲಿಲ್ಲ.

ವಿಚಾರಣೆ ನಡೆಯಿತು. ಆ ಭಾನುವಾರಕ್ಕೆ ಮೊದಲು ದೂರು ಬಂದಿತ್ತೇ ಎಂದರೆ ಕಚೇರಿಯವರು ತೋರಿಸಿದ್ದು ಒಂದು ದೂರು, ನೋಡಿ ಆಗಿದೆ, ಹಸಿರು. ತಾಂಗ್ ಜಾಲತಾಣದ ಕಿಟಕಿಯನ್ನು ದೂರಿದ. ಆ-ಜೆ ಎದ್ದು ನಿಂತು, "ಕಿಟಕಿ ಸರಿಯಾಗಿಯೇ ಕೊಟ್ಟಿತ್ತು. ತೆಗೆದವನು ನಾನು" ಎಂದನಂತೆ. ಮರುದಿನದಿಂದ ಅವನಿಗೆ ಕೆಲಸವಿರಲಿಲ್ಲ. ಫಾಂಗ್ ಅಕ್ಕನಿಗೆ ಮಗಳ ಮನೆಯಲ್ಲಿ ಜಾಗ ಸಿಗಲಿಲ್ಲ. ನನ್ನ ಕೆಳಗಿನ ಕೋಣೆಯಲ್ಲೇ ಇದ್ದಾಳೆ. ಮೊದಮೊದಲು ಆ-ಜೆ ಎದುರಿಗೆ ಸಿಕ್ಕರೆ ಅವಳು ಗೋಡೆ ಕಡೆ ಮುಖ ಮಾಡುತ್ತಿದ್ದಳು. ಈಗ ಅವನ ತಟ್ಟೆಗೂ ಬಡಿಸುತ್ತಾಳೆ, ಮಾತು ಮಾತ್ರ ಆಡುವುದಿಲ್ಲ.

ನಮ್ಮ ಊರಿನ ಯಂತ್ರದಿಂದ ಆ ನಿಯಮವನ್ನು ತೆಗೆದರು. ಬೇರೆ ಮೂರು ಊರುಗಳ ಯಂತ್ರದಿಂದ ತೆಗೆದರೋ ಇಲ್ಲವೋ ಎಂದು ಕೇಳಿ ಆ-ಜೆ ಬರೆದದ್ದಕ್ಕೆ ಉತ್ತರ ಬಂದಿದೆ: 'ನಿಮ್ಮ ಮಾತು ನಮಗೆ ತಲುಪಿದೆ.'

ಅವನು ಈಗ ಬೆಳಿಗ್ಗೆ ಮೀನುಪೇಟೆಯಲ್ಲಿ ಮಂಜುಗಡ್ಡೆ ಹೊರುತ್ತಾನೆ. ಮಧ್ಯಾಹ್ನ ಬಂದು ಆ ಮೂರು ಊರುಗಳ ವಾರ್ಡು ಮುಖಂಡರಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡುತ್ತಾನೆ. 'ನಿಮ್ಮ ಜನಕ್ಕೆ ನೀವೇ ಮಾತು ಬರೆದುಕೊಡ್ತೀರಾ?' ಎಂದು ಅವನು ಬಾಯಿ ತೆರೆಯುತ್ತಲೇ ಬಹಳ ಜನ ಇಟ್ಟುಬಿಡುತ್ತಾರೆ. ಗುರುತಿಲ್ಲದವನು ಫೋನು ಮಾಡಿದರೆ ಮೋಸಗಾರನೇ ಎಂದು ಪೊಲೀಸರು ಹೇಳಿಕೊಟ್ಟಿದ್ದಾರಲ್ಲ. "ನಿನ್ನಪ್ಪನ ಹತ್ರ ಹೋಗಿ ಆಡು ಈ ಆಟ" ಎಂದು ಒಬ್ಬ ಬೈದ.

ನಿನ್ನೆ ಒಬ್ಬರು ಇಡಲಿಲ್ಲ. ದಕ್ಷಿಣದ ಕಡೆಯ ಮುದುಕ, ಸಾವಧಾನದ ದನಿ. ಮೇಜಿನ ಮೇಲೆ ಫೋನು ಇಟ್ಟು ಎಲ್ಲರಿಗೂ ಕೇಳುವ ಹಾಗೆ ಆ-ಜೆ ಮಾತಾಡುತ್ತಿದ್ದ. ನಾನೂ ಫಾಂಗ್ ಅಕ್ಕನೂ ಹುರುಳಿಕಾಯಿ ಬಿಡಿಸುತ್ತಿದ್ದೆವು.

"ಹೌದಪ್ಪಾ, ನಾನೇ ಬರೆದುಕೊಡ್ತೀನಿ" ಎಂದರು ಆ ಮುದುಕ. "ನಮ್ಮಲ್ಲಿ ಭಾಳ ಶಿಸ್ತು. ಎಲ್ಲರದ್ದೂ ಒಂದೇ ಮಾತು. ಒಬ್ಬರೂ ಆಚೀಚೆ ಮಾಡಲ್ಲ."

"ಈಗ ಏನಾದ್ರೂ ಕಳಿಸ್ತಿದೀರಾ ತಾತ?"

"ಹೊಳೆ ಒಡ್ಡಿಂದು. ಕೆಳಗಿನ ಮನೆಯೋರೆಲ್ಲ ಕಳಿಸ್ತಿದಾರೆ, ಹದಿನೈದು ದಿನ ಆಯ್ತು."

"ಯಾರಾದ್ರೂ ಬಂದು ನೋಡಿದ್ರಾ?"

"ಬರ್ತಾರೆ. ತಲುಪಿದೆ ಅಂತ ಪ್ರತಿಸಲಾನೂ ಹೇಳ್ತಾರಲ್ಲ."

ಫಾಂಗ್ ಅಕ್ಕ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. ಮೇಜಿನ ಈಚೆಗೆ ಬಂದು, ಆ-ಜೆಯ ಕೈ ಸರಿಸಿ, ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ಅಣ್ಣಾ" ಎಂದಳು, "ನಾನು ಹೇಳೋದನ್ನ ಕೇಳಿ. ಇಡಬೇಡಿ."